ಮನೆಯವರು ಎಷ್ಟು ಹೊತ್ತು ಕಾದಾರು

ನವಿಮುಂಬಯಿಯ ಹೊಸ ವಿಮಾನ ನಿಲ್ದಾಣದಲ್ಲಿ 2025ರ ಡಿಸೆಂಬರ್ 25ರಂದು ಪ್ರಯಾಣಿಕರ ಓಡಾಟ ಶುರುವಾಯಿತು. ಅಂದು ಬೆಳಿಗ್ಗೆ ಅಲ್ಲಿ ಮೊದಲು ಇಳಿದದ್ದು ಬೆಂಗಳೂರಿನಿಂದ ಬಂದ ವಿಮಾನ. ಇಂಡಿಗೋದವರು ಆರಂಭಕ್ಕೆಂದು ಪ್ರಕಟಿಸಿದ್ದ ಹತ್ತು ಊರುಗಳ ಪಟ್ಟಿಯಲ್ಲಿ ಮಂಗಳೂರೂ ಇತ್ತು. ಅದಾಗಿ ಕೆಲವು ವಾರ ಡೊಂಬಿವಲಿಯಲ್ಲಿ ನಮ್ಮ ಕಡೆಯವರು ಮದುವೆ ಮನೆಯಲ್ಲಿ ಸೇರಲಿ, ಕರ್ನಾಟಕ ಸಂಘದ ಕಾರ್ಯಕ್ರಮದಲ್ಲಿ ಸೇರಲಿ, ಬೇರೆ ಮಾತೇ ಇಲ್ಲ. ವಿಮಾನ ಹತ್ತಲು ಸಾಂತಾಕ್ರೂಜ್‌ಗೆ, ಸಹಾರ್‌ಗೆ ಹೋಗಿ ಒದ್ದಾಡುವ ಕೆಲಸ ಇನ್ನಿಲ್ಲ. ಕಾಟೈ ನಾಕಾ ದಾಟಿ ಶಿಳ್‌ಫಾಟಾ ಮೇಲೆ ತಿರುಗಿಕೊಂಡರೆ ಮುಗಿಯಿತು. ಮೇಲೆ ಹಾರಿದರೆ ಏಳುನೂರು ಕಿಲೋಮೀಟರ್, ಒಂದೂವರೆ ಗಂಟೆ. ಮಂಗಳೂರಿನ ಬಜ್ಪೆಯ ನಿಲ್ದಾಣ ಉದ್ಘಾಟನೆಯಾದದ್ದೂ ಡಿಸೆಂಬರ್ 25ರಂದೇ, 1951ರಲ್ಲಿ. ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದ ಸುದ್ದಿಯನ್ನು ಅಪ್ಪ ನಮಗೆ ಎಷ್ಟೋ ಸಲ ಹೇಳಿದ್ದರು.

ಒಂದೂವರೆ ಗಂಟೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮನಸ್ಸು ಬೇರೊಂದು ಲೆಕ್ಕಕ್ಕೆ ಹೋಗುತ್ತದೆ. ಊರಲ್ಲಿ ಒಂದು ಸಾವಾಯಿತು. ಇಲ್ಲಿಂದ ಹೊರಟವರು ಬಂದು ಮುಖ ನೋಡುವ ತನಕ ಮನೆಯವರು ಎಷ್ಟು ಹೊತ್ತು ಕಾದಾರು? ಮದುವೆಯಾಗಿ ಈ ಊರಿಗೆ ಬಂದ ಹೆಣ್ಣುಮಕ್ಕಳಿಗೆ ಡೊಂಬಿವಲಿಗೂ ತೌರಿಗೂ ನಡುವಿನ ದೂರ ಎಂದರೆ ಇದು. ಕಿಲೋಮೀಟರಿನಲ್ಲಿ ಅದನ್ನು ಹೇಳಲು ನನಗೆ ಬರುವುದಿಲ್ಲ.

ನಾನು ಬಂದದ್ದು 1982ರ ಮೇ ತಿಂಗಳಲ್ಲಿ, ಬಸ್ಸಿನಲ್ಲಿ. ತೌರು ಕಿನ್ನಿಗೋಳಿಯಿಂದ ಮುಂದೆ ಐಕಳದ ಕಡೆ, ಗಂಡನ ಮನೆ ಪಕ್ಷಿಕೆರೆ. ಇವರಿಗೆ ಡೊಂಬಿವಲಿಯ ಎಂಐಡಿಸಿಯಲ್ಲಿ ಬಣ್ಣ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಗುಮಾಸ್ತಿಕೆ. ಆಗ ಮುಂಬಯಿಗೆ ಹೋಗುವುದೆಂದರೆ ಬಸ್ಸೇ. ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಅಂಕೋಲೆ. ಅಲ್ಲಿಂದ ಕಡಲನ್ನು ಬಿಟ್ಟು ಅರಬೈಲು ಘಾಟಿ ಹತ್ತಿ ಯಲ್ಲಾಪುರ, ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆ. ಮತ್ತೆ ಖಂಡಾಲಾ ಘಾಟಿ ಇಳಿದು ಪನ್ವೇಲ್. ಒಂದು ಹಗಲು, ಒಂದು ರಾತ್ರಿ, ಅದರ ಮೇಲೆ ಇನ್ನೂ ಎಷ್ಟು ಹೊತ್ತೆಂದು ಬಸ್ಸಿನವರೂ ಹೇಳುತ್ತಿರಲಿಲ್ಲ. ಪನ್ವೇಲ್ ದಾಟಿದ ಬಸ್ಸು ಡೊಂಬಿವಲಿಯನ್ನು ಬಲಕ್ಕೆ ಬಿಟ್ಟು ವಾಶಿ ಸೇತುವೆಯ ಮೇಲೆ ಖಾಡಿ ದಾಟಿ ಸಯಾನ್ ತಲಪುತ್ತಿತ್ತು. ಅಲ್ಲಿ ಇಳಿದು, ಅಕ್ಕಿ ಮೂಟೆ, ತೆಂಗಿನಕಾಯಿ ಚೀಲ, ಹಪ್ಪಳದ ಡಬ್ಬಿಗಳನ್ನೆಲ್ಲ ಹೊತ್ತು ಲೋಕಲ್ ಹತ್ತಿ ಕುರ್ಲಾ, ಥಾಣೆ, ಮುಂಬ್ರಾ, ದಿವಾ ಎಂದು ಬಂದ ದಿಕ್ಕಿಗೇ ಮರಳಿ ಬರಬೇಕು. ಮೊದಲ ಸಲ ಆ ಲೋಕಲಿನಲ್ಲಿ ಕುಳಿತಾಗ, ಇವರು ನನ್ನನ್ನು ತಿರುಗಿ ಊರಿಗೇ ಕರೆದುಕೊಂಡು ಹೋಗುತ್ತಿದ್ದಾರೋ ಎನ್ನಿಸಿತ್ತು.

ರೈಲು ಇರಲಿಲ್ಲ ಎಂದಲ್ಲ. ಕಲ್ಯಾಣಿನಲ್ಲಿ ಹತ್ತಿ, ಪುಣೆ, ಸೊಲ್ಲಾಪುರ, ಗುಂತಕಲ್ಲು, ಅರಕ್ಕೋಣಂ, ಪಾಲಕ್ಕಾಡು ಎಂದು ದಕ್ಷಿಣವನ್ನೆಲ್ಲ ಸುತ್ತಿ, ಕೋಝಿಕ್ಕೋಡು, ಕಾಸರಗೋಡಿನ ಮೇಲೆ ಮಂಗಳೂರು ಸೇರಬಹುದಿತ್ತು. ಕೊಂಕಣ ರೈಲ್ವೆಯವರು ಆಮೇಲೆ ಕೊಟ್ಟ ಲೆಕ್ಕದಲ್ಲಿ ಆ ದಾರಿ 2041 ಕಿಲೋಮೀಟರ್, 41 ಗಂಟೆ. ಒಂದೇ ಕಡಲಿನ ದಡದ ಎರಡು ಊರುಗಳ ನಡುವೆ ಹೀಗೊಂದು ದಾರಿ! ವಿಮಾನವೂ ಇತ್ತು. ನಾವು ಮಕ್ಕಳಾಗಿದ್ದಾಗ ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರು ಬಜ್ಪೆಗೆ ಇಳಿಯುವ ವಿಮಾನದ ಸದ್ದು ಕೇಳಿ ಬೆನ್ನು ನೆಟ್ಟಗೆ ಮಾಡಿ ಮೇಲೆ ನೋಡುತ್ತಿದ್ದರು. ಅದು ಮುಂಬಯಿಯಿಂದ ಬರುವುದೆಂದು ಎಲ್ಲರಿಗೂ ಗೊತ್ತು. ಅದರಲ್ಲಿ ನಮ್ಮ ಮನೆಯವರು ಯಾರಾದರೂ ಇರಬಹುದೆಂದು ಯಾರಿಗೂ ತೋರುತ್ತಿರಲಿಲ್ಲ.

1989ರ ಜುಲೈಯಲ್ಲಿ ನಮ್ಮ ಚಾಳಿಗೆ ಟೆಲಿಗ್ರಾಂ ಬಂತು. ಫಾದರ್ ಸೀರಿಯಸ್, ಸ್ಟಾರ್ಟ್ ಇಮಿಡಿಯೆಟ್ಲಿ. ಸೀರಿಯಸ್ ಎಂದು ಬರೆಸಿದ್ದರೆ ತೀರಿಕೊಂಡರು ಎಂದೇ ಅರ್ಥ. ದಾರಿಯುದ್ದಕ್ಕೂ ಒಂದಿಷ್ಟು ಆಸೆ ಇರಲಿ ಎಂದು ಊರವರು ಹಾಗೆ ಬರೆಸುತ್ತಿದ್ದರು. ಚಾಳಿನ ಹೆಂಗಸರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಪಕ್ಕದ ಕೋಣೆಯ ಮರಾಠಿ ಅಜ್ಜಿ ಬಂದು ನನ್ನ ಒಲೆ ಆರಿಸಿದರು, ಮಗುವನ್ನು ಎತ್ತಿಕೊಂಡರು. ಅಂದಿನ ಬಸ್ಸುಗಳು ಹೊರಟುಹೋಗಿದ್ದವು. ಮರುದಿನದ್ದರಲ್ಲಿ ಹಿಂದಿನ ಸೀಟು ಸಿಕ್ಕಿತು. ವಿಮಾನದಲ್ಲಿ ಹೋಗಬಹುದು ಎಂದು ಇವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಒಬ್ಬರ ಟಿಕೆಟ್ಟಿಗೇ ಇವರ ಸಂಬಳದ ದೊಡ್ಡ ಪಾಲು ಬೇಕಿತ್ತು. ಅದನ್ನು ಎಲ್ಲಿ ಕೊಡುತ್ತಾರೆ, ಯಾರನ್ನು ಕೇಳಬೇಕು ಎಂದು ತಿಳಿದವರು ಇಡೀ ಚಾಳಿನಲ್ಲಿ ಒಬ್ಬರೂ ಇರಲಿಲ್ಲ.

ಆ ಮಳೆಯಲ್ಲಿ ಅರಬೈಲು ಘಾಟಿಯ ತಿರುವುಗಳಲ್ಲಿ ಬಸ್ಸು ಲಾರಿಗಳ ಹಿಂದೆ ನಿಂತು ನಿಂತು ಇಳಿಯಿತು. ನನ್ನ ಪಕ್ಕದಲ್ಲಿ ಬ್ರಹ್ಮಾವರದ ಕಡೆಯ ಹೆಂಗಸೊಬ್ಬರು. ಅವರಿಗೆ ನಾನು ಏನೂ ಹೇಳಿರಲಿಲ್ಲ. ಅಂಕೋಲೆಯಲ್ಲಿ ಕಡಲು ಕಂಡ ಹೊತ್ತಿಗೆ ನನ್ನ ಕೈ ಹಿಡಿದು, "ಅಪ್ಪನೋ ಅಮ್ಮನೋ?" ಎಂದು ಕೇಳಿದರು. ಮನೆ ಮುಟ್ಟಿದಾಗ ಅಪ್ಪ ಹೋಗಿ ಮೂರನೆಯ ದಿನ. ಹಿತ್ತಿಲಿನ ಆಚೆ ಗದ್ದೆಯ ಬದಿಯಲ್ಲಿ ಮಾವಿನ ಮರವಿದ್ದಲ್ಲಿ ಬುಡ ಮಾತ್ರ ಉಳಿದಿತ್ತು. ಆ ಮರ ಅಪ್ಪನೇ ನೆಟ್ಟದ್ದು. ಅದನ್ನು ನೋಡಿದ ಮೇಲೆ ಬೇರೆ ಏನನ್ನೂ ಕೇಳಬೇಕಾಗಿರಲಿಲ್ಲ. ಅಣ್ಣ ಅಂಗಳಕ್ಕೆ ಬಂದು, "ನಿನಗೆ ಕಾಯುವುದು ಹೇಗೆ ಹೇಳು, ಮಳೆ ಬೇರೆ" ಎಂದ. ಅವನ ದನಿಯಲ್ಲಿ ಅಪರಾಧಿಯ ಸಂಕಟ ಇತ್ತು. ಅವನ ಮೇಲೆ ನನಗೆ ಬೇಸರ ಇರಲಿಲ್ಲ. ಆ ಕಾಲಕ್ಕೆ ಮುಂಬಯಿಯ ಮಗಳಿಗೆ ಸಿಗುತ್ತಿದ್ದದ್ದು ಚಿತೆಯ ಜಾಗದ ದೂಪೆ ಮತ್ತು ಉತ್ತರಕ್ರಿಯೆಯ ದಿನದ ಬೊಜ್ಜದ ಊಟ. ಮುಖ ಸಿಗುತ್ತಿರಲಿಲ್ಲ. ನಮ್ಮ ಕಡೆಯ ಎಷ್ಟೋ ಮಂದಿ ಹೋಟೆಲುಗಳಲ್ಲಿ ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು ಮೇಲೆ ಬಂದವರು. ಅವರಲ್ಲಿ ಅಪ್ಪ ಅಮ್ಮ ಇಬ್ಬರ ಮುಖವನ್ನೂ ಕೊನೆಗೊಮ್ಮೆ ನೋಡಲಾಗದವರೇ ಹೆಚ್ಚು.

ಅಪ್ಪ ಹೋದ ಮರುವರ್ಷ, 1990ರಲ್ಲಿ, ಕೊಂಕಣ ರೈಲ್ವೆಗೆ ರೋಹಾದಲ್ಲಿ ಅಡಿಗಲ್ಲು ಬಿತ್ತು. ರೈಲ್ವೆ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರು, ಮುಂಬಯಿಯ ಬೀದಿಗಳಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದವರು. ಈ ದಾರಿ ಯಾರಿಗೆ ಬೇಕೆಂಬುದು ಅವರಿಗೆ ವರದಿ ಓದಿ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ. ಕಟ್ಟಿದವರು ಇ. ಶ್ರೀಧರನ್. ತೊಂಬತ್ತಕ್ಕೂ ಹೆಚ್ಚು ಸುರಂಗ, ಚಿಕ್ಕದು ದೊಡ್ಡದು ಸೇರಿ ಎರಡು ಸಾವಿರದಷ್ಟು ಸೇತುವೆ. ಹೊನ್ನಾವರದ ಶರಾವತಿಯ ಮೇಲಿನ ಸೇತುವೆಯೊಂದೇ ಎರಡು ಕಿಲೋಮೀಟರ್‌ಗೂ ಉದ್ದ. 1993ರಲ್ಲಿ ಮಂಗಳೂರು–ಉಡುಪಿ ನಡುವೆ ರೈಲು ಓಡಿತು. 1998ರಲ್ಲಿ ಇಡೀ ದಾರಿ ತೆರೆದು, ಮೇ 1ರಂದು ವಾಜಪೇಯಿ ಅದನ್ನು ದೇಶಕ್ಕೆ ಅರ್ಪಿಸಿದರು. 2041 ಕಿಲೋಮೀಟರ್ 914ಕ್ಕೆ ಇಳಿಯಿತು, 41 ಗಂಟೆ 15ಕ್ಕೆ. ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಿಂದ ಹೊರಡುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ನಮ್ಮ ಮನೆಮಾತಾಯಿತು. ಅದನ್ನು ಯಾರೂ ರೈಲು ಎನ್ನುವುದಿಲ್ಲ. "ಮತ್ಸ್ಯಗಂಧದಲ್ಲಿ ಬಂದೆ", "ಮತ್ಸ್ಯಗಂಧ ಸಿಕ್ಕಲಿಲ್ಲ" ಎನ್ನುತ್ತೇವೆ.

ಈ ಗಾಡಿ ಡೊಂಬಿವಲಿಯವರಿಗೆ ಸಿಗುವುದು ಥಾಣೆಯಲ್ಲಿ. ಭಾರತದ ಮೊದಲ ಪ್ರಯಾಣಿಕರ ರೈಲು 1853ರಲ್ಲಿ ಬೋರಿಬಂದರಿನಿಂದ ಹೊರಟು ಬಂದು ನಿಂತ ಊರು ಅದು. ನಾವು ಲೋಕಲಿನಲ್ಲಿ ಥಾಣೆಗೆ ಹಿಂದಕ್ಕೆ ಹೋಗಿ, ಸಾಮಾನುಗಳೊಂದಿಗೆ ಮೆಟ್ಟಿಲು ಹತ್ತಿ ಇಳಿದು, ಗಾಡಿ ನಿಲ್ಲುವ ಎರಡು ಮೂರು ನಿಮಿಷದೊಳಗೆ ಮಕ್ಕಳನ್ನೂ ಮೂಟೆಗಳನ್ನೂ ಒಳಗೆ ಸೇರಿಸಬೇಕು. ಆಮೇಲೆ ಅದೇ ಗಾಡಿ ಮುಂಬ್ರಾದ ಬೆಟ್ಟ ದಾಟಿ, ದಿವಾದಲ್ಲಿ ಪನ್ವೇಲಿನ ಕಡೆಗೆ ತಿರುಗಿ, ನಿಳಜೆಯಲ್ಲಿ ಡೊಂಬಿವಲಿಯ ಅಂಚನ್ನೇ ಸವರಿಕೊಂಡು ಹೋಗುತ್ತದೆ. ಕಿಟಕಿಯಿಂದ ಕಾಣುವ ಕಟ್ಟಡಗಳು ನಮ್ಮ ಊರಿನವೇ. ದಿವಾದಲ್ಲಿ ಒಂದೆರಡು ನಿಮಿಷ ನಿಂತರೆ ಡೊಂಬಿವಲಿ, ಕಲ್ಯಾಣ್, ಅಂಬರ್‌ನಾಥ್, ಬದ್ಲಾಪುರದ ಸಾವಿರಾರು ಸಂಸಾರಗಳಿಗೆ ಎಷ್ಟು ಅನುಕೂಲ! ಹೊಸ ವಿಮಾನ ನಿಲ್ದಾಣದ ಮಾತು ಬಂದಲ್ಲೆಲ್ಲ ನಾನು ಇದನ್ನೂ ಎತ್ತುತ್ತೇನೆ, ಕೇಳುವವರು ಇರಲಿ ಬಿಡಲಿ.

ಅತ್ತೆ ತೀರಿಕೊಂಡದ್ದು ರೈಲು ಬಂದ ಮೇಲೆ. ಅಷ್ಟರಲ್ಲಿ ಊರ ಮನೆಗೂ ಫೋನು ಬಂದಿತ್ತು. ಬೆಳಗಿನ ಜಾವ ಸುದ್ದಿ ತಿಳಿಯಿತು, ಮಧ್ಯಾಹ್ನ ಮೂರು ದಾಟಿದ ಮೇಲೆ ಥಾಣೆಯಲ್ಲಿ ರಿಸರ್ವೇಶನ್ ಇಲ್ಲದ ಬೋಗಿ ಹತ್ತಿದೆವು. ಇವರಿಗೆ ರತ್ನಾಗಿರಿಯ ತನಕ ಕೂರಲು ಜಾಗ ಸಿಗಲಿಲ್ಲ. ಬೋಗಿಯಲ್ಲಿದ್ದವರು ವಿಷಯ ತಿಳಿದ ಮೇಲೆ ಸರಿದು ಕುಳಿತರು. ಊರಿನ ಗಾಡಿಯಲ್ಲಿ ಇಂಥ ಸುದ್ದಿಗೆ ಜಾಗ ಬಿಡದವರು ಇಲ್ಲ. ಮರುದಿನ ನಸುಕಿನಲ್ಲಿ ಮುಲ್ಕಿಯಲ್ಲಿ ಇಳಿದೆವು. ಹೆಜಮಾಡಿಯ ಕಡೆಯಿಂದ ಮೀನಿಗೆ ಹಾಕುವ ಮಂಜುಗಡ್ಡೆ ತರಿಸಿ, ಅದರ ಮೇಲೆ ಮರದ ಹೊಟ್ಟು ಹರಡಿ, ಅತ್ತೆಯನ್ನು ಚಾವಡಿಯಲ್ಲಿ ಮಲಗಿಸಿದ್ದರು. ರಾತ್ರಿಯಿಡೀ ನೆರೆಯವರು ಕುಳಿತಿದ್ದರಂತೆ. "ಬೊಂಬಾಯಿಯವರು ಮತ್ಸ್ಯಗಂಧದಲ್ಲಿ ಬರುತ್ತಾರೆ, ಅಲ್ಲಿಯವರೆಗೆ ತೆಗೆಯುವುದು ಬೇಡ" ಎಂದು ಭಾವ ಹಿರಿಯರೊಡನೆ ವಾದ ಮಾಡಿದ್ದರು. ಹೆಣವನ್ನು ರಾತ್ರಿ ಮನೆಯಲ್ಲಿ ಇಟ್ಟುಕೊಳ್ಳುವುದು ಎಷ್ಟೋ ಮನೆಗಳಲ್ಲಿ ಆಗದ ಮಾತಾಗಿತ್ತು. ರೈಲು ಬಂದ ಕೆಲವೇ ವರ್ಷಗಳಲ್ಲಿ ಆ ಕಟ್ಟುನಿಟ್ಟು ತಾನಾಗಿ ಸಡಿಲವಾಯಿತು. ರೈಲಿನ ವೇಳಾಪಟ್ಟಿ ಊರಿನ ಸೂತಕದ ನಡವಳಿಕೆಯನ್ನೇ ಬದಲಿಸಿತು ಎಂದು ನಾನು ನಂಬುತ್ತೇನೆ. ಇವರು ತಾಯಿಯ ಪಾದ ಮುಟ್ಟಿ ನಮಸ್ಕರಿಸಿದರು. ತಣ್ಣಗಿದ್ದ ಪಾದಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಬಿಡಲೇ ಇಲ್ಲ.

ಆ ದಾರಿಯೂ ಬೆಲೆ ತೆಗೆದುಕೊಂಡಿದೆ. 2004ರ ಜೂನ್ 16ರಂದು ಮುಂಬಯಿಗೆ ಬರುತ್ತಿದ್ದ ಮತ್ಸ್ಯಗಂಧ ಮಹಾಡಿನ ಹತ್ತಿರ ಕರಂಜಾಡಿಯಲ್ಲಿ ಹಳಿಯ ಮೇಲೆ ಬಿದ್ದ ಬಂಡೆಗಳಿಗೆ ಬಡಿದು ಸೇತುವೆಯಿಂದ ಬಿತ್ತು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಬಜ್ಪೆಯ ಗುಡ್ಡದ ರನ್‌ವೇ ದಾಟಿ ಕಮರಿಗೆ ಉರುಳಿ 158 ಮಂದಿ ಹೋದರು, ಎಂಟು ಮಂದಿ ಮಾತ್ರ ಉಳಿದರು. ಆ ಬೆಳಿಗ್ಗೆ ಡೊಂಬಿವಲಿಯಲ್ಲಿ ಕುಳಿತ ನಾವು ಊರಿಗೆ ಫೋನು ಮಾಡಿ ಮಾಡಿ ಸೋತೆವು. ಮಳೆಗಾಲದಲ್ಲಿ ಈಗ ಕೊಂಕಣದ ಗಾಡಿಗಳು ನಿಧಾನ ಓಡುತ್ತವೆ, ಅದಕ್ಕೆ ಬೇರೆಯೇ ವೇಳಾಪಟ್ಟಿ ಇದೆ. ತಡವಾಯಿತೆಂದು ಗೊಣಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕರಂಜಾಡಿಯನ್ನು ನೆನೆಸಿಕೊಂಡವರು ಗೊಣಗಲಾರರು.

ಅಮ್ಮ ಹೋದದ್ದು 2015ರ ಜನವರಿಯಲ್ಲಿ. ಐದು ಗಂಟೆಗೆ ಅಣ್ಣನ ಫೋನು. ಮಗ ಹಾಸಿಗೆಯಲ್ಲೇ ಕುಳಿತು ಮೊಬೈಲಿನಲ್ಲಿ ಟಿಕೆಟ್ ಮಾಡಿದ. ಬೆಳಗಿನ ಫಾಸ್ಟ್ ಲೋಕಲಿನ ನೂಕುನುಗ್ಗಲಿನಲ್ಲಿ ಘಾಟ್‌ಕೋಪರ್, ಅಲ್ಲಿಂದ ಆರೇಳು ತಿಂಗಳ ಹಿಂದಷ್ಟೇ ಶುರುವಾಗಿದ್ದ ಮೆಟ್ರೋ, ಅದರಿಂದ ಇಳಿದು ರಿಕ್ಷಾ. ಕೆಲಸಕ್ಕೆ ಹೊರಟ ಹೆಂಗಸರ ಬೋಗಿಯಲ್ಲಿ ಯಾರೋ ಸಾಬೂದಾಣೆ ಖಿಚಡಿಯ ಡಬ್ಬಿ ಬಿಚ್ಚಿದ್ದರು, ಇನ್ಯಾರೋ ತಲೆ ಬಾಚಿಕೊಳ್ಳುತ್ತಿದ್ದರು. ನಾನು ಕಂಬ ಹಿಡಿದು ನಿಂತಿದ್ದೆ. ಆಮೇಲೆ ನಿಲ್ದಾಣದಲ್ಲಿ ತಪಾಸಣೆ, ಕಾಯುವುದು. ಹಾರಿದ ಮೇಲೆ ಮಾತ್ರ ಎಲ್ಲ ಬೇಗ. ಎಡಗಡೆಯ ಕಿಟಕಿಯಲ್ಲಿ ಕರಾವಳಿಯ ನದಿಗಳ ಅಳಿವೆಗಳು ಒಂದೊಂದಾಗಿ ಹಿಂದೆ ಸರಿದವು. ಒಂದು ಹಗಲು ಒಂದು ರಾತ್ರಿ ನಾನು ಅತ್ತುಕೊಂಡು ಹೋದ ಉದ್ದವೆಲ್ಲ ಒಂದು ಲೋಟ ಕಾಫಿ ಆರುವುದರೊಳಗೆ ಮುಗಿದಂತಾಯಿತು. ಬಜ್ಪೆಯಿಂದ ಕಟೀಲಿನ ಮೇಲೆ ಮನೆಗೆ ಬಂದಾಗ ಮಧ್ಯಾಹ್ನ ಎರಡು. ಹಾರಾಟ ಒಂದೂವರೆ ಗಂಟೆಯದು. ನನ್ನ ಮನೆಯ ಬಾಗಿಲಿನಿಂದ ಅಮ್ಮನ ಚಾವಡಿಗೆ ಎಂಟು ಗಂಟೆ ಹಿಡಿದಿತ್ತು. ಆದರೂ ಅಮ್ಮ ಸಿಕ್ಕಿದರು. ಹಣೆಗೆ ಗಂಧ ಹಚ್ಚಿ, ಬಾಯಿಗೆ ನೀರು ಬಿಟ್ಟೆ. ಅಪ್ಪನಿಗೆ ಮಾಡಲಾಗದ್ದನ್ನು ಅವರಿಗೂ ಸೇರಿಸಿ ಮಾಡಿದಂತೆ ಅನ್ನಿಸಿತು. ಆ ಎಂಟು ಗಂಟೆಗಳನ್ನು ನನಗೆ ಸಾಧ್ಯ ಮಾಡಿಕೊಟ್ಟ ಎಲ್ಲದಕ್ಕೂ ನಾನು ಋಣಿ.

ಹೀಗಿದ್ದೂ ನನಗೆ ಕಳವಳ ಹುಟ್ಟಿಸುವ ಸಂಗತಿಯೊಂದಿದೆ. ಅಪ್ಪನ ಕಾಲದಲ್ಲಿ ಬಾರದವರನ್ನು ಯಾರೂ ಕೇಳುತ್ತಿರಲಿಲ್ಲ. ದೂರವೇ ಎಲ್ಲರ ಪರವಾಗಿ ಉತ್ತರ ಹೇಳುತ್ತಿತ್ತು. ಈಗ ಕೇಳುತ್ತಾರೆ. "ಒಂದೂವರೆ ಗಂಟೆಯ ದಾರಿ, ಬರಲಿಕ್ಕೆ ಏನಾಗಿತ್ತು?" ನಮ್ಮ ಕಟ್ಟಡದಲ್ಲೇ ಒಂದು ಮನೆ, ಗಂಡ ಸಣ್ಣ ಕ್ಯಾಂಟೀನಿನಲ್ಲಿ ದುಡಿಯುವವರು. ಹೆಂಡತಿಯ ಅಣ್ಣ ಹಠಾತ್ತಾಗಿ ಹೋದಾಗ ಅಂದಿನ ವಿಮಾನದ ದರ ತಿಂಗಳ ಮೊದಲೇ ತೆಗೆದಿಟ್ಟವರ ದರಕ್ಕಿಂತ ಎಷ್ಟೋ ಪಟ್ಟು ಏರಿತ್ತು. ಮಕ್ಕಳೂ ಸೇರಿ ನಾಲ್ವರು. ರೈಲಿನಲ್ಲಿ ಹೊರಟರು, ಮುಟ್ಟುವಷ್ಟರಲ್ಲಿ ಚಿತೆ ಆರಿತ್ತು. ಅಲ್ಲಿ ಅವರು ಕೇಳಿದ ಮಾತುಗಳನ್ನು ಆಕೆ ನನಗೆ ಹೇಳಿದ್ದಾಳೆ. ಸಾವು ಮೊದಲೇ ತಿಳಿಸಿ ಬರುವುದಿಲ್ಲ. ಕಡಿಮೆ ದರದ ಟಿಕೆಟ್ಟು ಮೊದಲೇ ತಿಳಿದವರಿಗೆ ಮಾತ್ರ. ಇಂಥ ಮನೆಗಳಿಗೆ ಊರು ಇವತ್ತಿಗೂ ಹದಿನೈದು ಹದಿನಾರು ಗಂಟೆಯ ದೂರದಲ್ಲೇ ಇದೆ. ಆದರೆ ಊರಿನವರು ಅವರಿಗೂ ಕಾಯುವುದು ವಿಮಾನದ ಲೆಕ್ಕದಲ್ಲಿ. ಮತ್ಸ್ಯಗಂಧಕ್ಕಾಗಿ ರಾತ್ರಿಯಿಡೀ ಕುಳಿತಿದ್ದ ಅದೇ ಊರಿಗೆ ಈಗ ಸಂಜೆಯ ತನಕ ಕಾಯುವುದೂ ಹೆಚ್ಚಾಗಿದೆ. ಇದು ಅನ್ಯಾಯ ಎಂದು ಊರಿಗೆ ಹೋದಾಗಲೆಲ್ಲ ನಾನು ಹೇಳುತ್ತೇನೆ, ಅಣ್ಣನ ಮನೆಯಲ್ಲೂ ಹೇಳಿದ್ದೇನೆ.

ಹೊಸ ನಿಲ್ದಾಣವನ್ನು ನೋಡಲು ಮಗ ಒಂದು ಭಾನುವಾರ ಕರೆದುಕೊಂಡು ಹೋದ. ನಾನು ಬಂದ ಹೊಸದರಲ್ಲಿ ಪನ್ವೇಲಿನ ಬಸ್ಸಿನಿಂದ ಆ ಕಡೆ ಉಲ್ವೆಯ ಗುಡ್ಡ ಕಾಣುತ್ತಿತ್ತು. ಅದನ್ನು ಕಡಿದು ಸಮ ಮಾಡಿದ್ದಾರೆ, ಉಲ್ವೆ ಹೊಳೆಯ ಪಾತ್ರವನ್ನೇ ತಿರುಗಿಸಿದ್ದಾರೆ. 3,700 ಮೀಟರ್ ಉದ್ದದ ರನ್‌ವೇ. ತರಘರ್, ಕೋಂಬಡಭುಜೆ, ಚಿಂಚಪಾಡಾ, ಗಣೇಶಪುರಿ ಎಂದು ಹತ್ತು ಹಳ್ಳಿಗಳ ಜನ ಎದ್ದು ಬೇರೆಡೆಗೆ ಹೋಗಬೇಕಾಯಿತು, ಹೆಚ್ಚಿನವರು ಆಗ್ರಿ, ಕೋಳಿ ಜನ. ಡೊಂಬಿವಲಿಯ ಮಾರುಕಟ್ಟೆಯಲ್ಲಿ ನನಗೆ ಮೊದಲ ಸಲ ಮರಾಠಿ ಕಲಿಸಿದ್ದು ಮೀನು ಮಾರುವ ಆಗ್ರಿ ಹೆಂಗಸರೇ. 1984ರಲ್ಲಿ ಉರಣ್ ಕಡೆ ಜಮೀನು ಕಳೆದುಕೊಂಡ ರೈತರ ಚಳವಳಿಯ ಮೇಲೆ ಗೋಲಿಬಾರ್ ಆಗಿ ಐವರು ಸತ್ತ ದಿನಗಳಲ್ಲಿ ಈ ಹೆಂಗಸರ ಬುಟ್ಟಿಗಳು ಮಾರುಕಟ್ಟೆಗೆ ಬಂದಿರಲಿಲ್ಲ. ಆ ಚಳವಳಿಯ ಮುಂದಾಳು ದಿ. ಬಾ. ಪಾಟೀಲ್. ನಿಲ್ದಾಣಕ್ಕೆ ಅವರ ಹೆಸರೇ ಬೇಕೆಂದು ಅಲ್ಲಿನ ಜನ ಬೀದಿಗಿಳಿದದ್ದು ಸುಮ್ಮನೆ ಅಲ್ಲ. ನಿಲ್ದಾಣಕ್ಕೆ ಹತ್ತಿರದ, ಉರಣ್ ಮಾರ್ಗದ ಲೋಕಲ್ ಸ್ಟೇಷನ್ನಿಗೆ ಈಗ ಎದ್ದುಹೋದ ಹಳ್ಳಿಯದೇ ಹೆಸರು, ತರಘರ್. ನನ್ನ ತೌರನ್ನು ನನಗೆ ಹತ್ತಿರ ಮಾಡಿದ ಈ ನೆಲ ಯಾರೋ ಹೆಣ್ಣುಮಗಳ ತೌರಾಗಿತ್ತು. ಅವಳು ಯಾವ ವಿಮಾನ ಹತ್ತಿದರೂ ಅಲ್ಲಿಗೆ ಹೋಗಲಾರಳು. ಬಜ್ಪೆ, ಕೆಂಜಾರಿನಲ್ಲೂ ರನ್‌ವೇಗಾಗಿ ಮನೆ ಬಿಟ್ಟವರಿದ್ದಾರೆ. ಟಿಕೆಟ್ಟಿನ ದರದಲ್ಲಿ ಇದು ಯಾವುದೂ ಸೇರುವುದಿಲ್ಲ. ಗೊತ್ತಿರುವವರು ಹೇಳುತ್ತಿರಬೇಕು ಎಂದು ಬರೆಯುತ್ತಿದ್ದೇನೆ.

ಅಣ್ಣನಿಗೆ ಈಗ ಎಂಬತ್ತರ ಹತ್ತಿರ. ಡಯಾಲಿಸಿಸ್‌ಗೆಂದು ವಾರಕ್ಕೆರಡು ಸಲ ಮುಲ್ಕಿಗೆ ಹೋಗಿ ಬರುತ್ತಾನೆ. ನವಿಮುಂಬಯಿಯ ವಿಮಾನದ ವಿಷಯ ಫೋನಿನಲ್ಲಿ ಹೇಳಿದೆ, ಇನ್ನು ಏನೇ ಆದರೂ ಬೇಗ ಬಂದು ಮುಟ್ಟುತ್ತೇನೆ ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅದಕ್ಕೆ ಅಷ್ಟು ದುಡ್ಡು ಹಾಕಿ ಓಡಿ ಬರುವುದು ಬೇಡ ಮಾರಾಯ್ತಿ, ನನಗೆ ಗೊತ್ತಾಗುತ್ತದಾ ಆಗ? ಮೇ ತಿಂಗಳಲ್ಲಿ ಬಾ. ಹಲಸು ಹಣ್ಣಾಗುತ್ತದೆ, ಕೂತು ಮಾತಾಡುವ" ಎಂದ.

ಮತ್ಸ್ಯಗಂಧದ ರಿಸರ್ವೇಶನ್ ಈಗ ಅರುವತ್ತು ದಿನ ಮೊದಲು ತೆರೆಯುತ್ತದೆ. ಮೇ ತಿಂಗಳ ಗಾಡಿ ಕೆಲವೇ ನಿಮಿಷಗಳಲ್ಲಿ ತುಂಬುತ್ತದೆ ಎಂದು ಮಗ ಬೆಳಿಗ್ಗೆ ಎಂಟಕ್ಕೆ ಮೊದಲೇ ಮೊಬೈಲ್ ಹಿಡಿದು ಕುಳಿತಿದ್ದ. ಇವರಿಗೂ ನನಗೂ ಕೆಳಗಿನ ಬರ್ತುಗಳೇ ಸಿಕ್ಕಿವೆ, ಥಾಣೆಯಿಂದ ಮುಲ್ಕಿಗೆ.